ಕಿವಿಗೆ ಬೀಳದ ಕೊಕ್ಕೆ

‘ಅಪ್ಪನ ಅಂಗಿ’ ಎಂಬಷ್ಟು ಸಲೀಸಾದ ಮಾತನ್ನು ಇಂಗ್ಲಿಷಿನಲ್ಲಿ ಬರೆಯಹೊರಟರೆ ಪೆನ್ನು ಒಂದು ಕ್ಷಣ ತಡೆಯುತ್ತದೆ. ಕೊಕ್ಕೆ ಎಸ್‌ಗೆ ಮೊದಲೋ, ಆಮೇಲೋ? ಇದು ನಮ್ಮೊಬ್ಬರ ಪಾಡಲ್ಲ. ಇಂಗ್ಲಿಷ್ ಹುಟ್ಟಿದ ನೆಲದಲ್ಲೂ ಈ ಜಗಳ ಮುನ್ನೂರು ವರ್ಷಗಳಿಂದ ಮುಗಿದಿಲ್ಲ.

ಇಂಗ್ಲೆಂಡಿನ ಉತ್ತರ ಭಾಗದ ಯಾರ್ಕ್‌ಶೈರ್ ಸೀಮೆಯಲ್ಲಿ ಹ್ಯಾರೊಗೇಟ್ ಎಂಬ ಊರಿದೆ. ಅಲ್ಲಿನ ಒಂದು ಬೀದಿ ಸೇಂಟ್ ಮೇರೀಸ್ ವಾಕ್. 2024ರಲ್ಲಿ ಆ ಬೀದಿಯ ಫಲಕ ಸುದ್ದಿಗೆ ಬಂತು. ಮೇರಿಗೂ ಎಸ್ ಅಕ್ಷರಕ್ಕೂ ನಡುವೆ ಇರಬೇಕಿದ್ದ ಅಪಾಸ್ಟ್ರಫಿ, ಅಂದರೆ ಅಕ್ಷರಗಳ ತಲೆಯ ಮಟ್ಟದಲ್ಲಿ ನೇತಾಡುವ ಆ ಪುಟ್ಟ ಕೊಕ್ಕೆ, ಅದರಲ್ಲಿ ಇರಲಿಲ್ಲ. ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಯಾರೋ ಮಾರ್ಕರ್ ಪೆನ್ನು ಹಿಡಿದು ಬಂದು, ಖಾಲಿ ಜಾಗದಲ್ಲಿ ತಾವೇ ಒಂದು ಕೊಕ್ಕೆ ಎಳೆದು ಹೋದರು.

ನಾರ್ತ್ ಯಾರ್ಕ್‌ಶೈರ್ ಕೌನ್ಸಿಲ್ ಕೊಟ್ಟ ಕಾರಣ ಕಂಪ್ಯೂಟರಿನದು. ಬೀದಿಗಳ ಹೆಸರೆಲ್ಲ ಈಗ ಡೇಟಾಬೇಸ್‌ನಲ್ಲಿ ಕೂತಿರುತ್ತವೆ, ಹುಡುಕುವಾಗ ಈ ಚಿಹ್ನೆ ತೊಡಕು ಮಾಡುತ್ತದೆ ಎಂದಿತು. ಅದು ಪೂರ್ತಿ ನೆಪವೂ ಅಲ್ಲ. ಡೇಟಾಬೇಸ್ ಜಾಲಾಡುವ ಕಂಪ್ಯೂಟರ್ ಭಾಷೆಗಳಲ್ಲಿ ಇದೇ ಕೊಕ್ಕೆಗೆ ‘ಪಠ್ಯ ಇಲ್ಲಿಗೆ ಮುಗಿಯಿತು’ ಎಂಬ ಅರ್ಥವಿದೆ. ಹೆಸರಿನ ನಡುವೆ ಕೊಕ್ಕೆ ಇರುವ ಓಬ್ರಯನ್, ಓಕಾನರ್ ಮುಂತಾದ ಐರಿಷ್ ಮಂದಿಗೆ ಆನ್‌ಲೈನ್ ಅರ್ಜಿ ತುಂಬುವಾಗ ಆಗುವ ಕಿರಿಕಿರಿಗೂ ಇದೇ ಮೂಲ. ಊರಿನವರು ಮಾತ್ರ ಒಪ್ಪಲಿಲ್ಲ. ಇಂದು ಕೊಕ್ಕೆ ಬಿಟ್ಟವರು ನಾಳೆ ಇನ್ನೇನನ್ನು ಬಿಡುತ್ತಾರೋ ಎಂದರು. ಕೆಲವೇ ತಿಂಗಳಲ್ಲಿ ಕೌನ್ಸಿಲ್ ಹಿಂದೆ ಸರಿಯಿತು. ಹತ್ತು ವರ್ಷದ ಹಿಂದೆ, 2014ರಲ್ಲಿ, ವಿದ್ವಾಂಸರ ಊರಾದ ಕೇಂಬ್ರಿಡ್ಜ್‌ನಲ್ಲೂ ಇದೇ ನಡೆದಿತ್ತು: ಹೊಸ ಬೀದಿಗಳ ಹೆಸರಿಗೆ ಅಪಾಸ್ಟ್ರಫಿ ಬೇಡವೆಂಬ ನಿಯಮ, ಮಾರ್ಕರ್ ಪೆನ್ನು, ಕೊನೆಗೆ ನಿಯಮ ವಾಪಸ್.

ಸೊಳ್ಳೆಯ ಗಾತ್ರದ ಗುರುತಿಗೆ ಇಷ್ಟು ರಂಪವೇಕೆ? ಯಾವುದು ಯಾರದು ಎಂಬ, ಸಂಸಾರಕ್ಕೂ ವ್ಯವಹಾರಕ್ಕೂ ಬೇಕಾದ ಮಾತನ್ನು ಇಂಗ್ಲಿಷ್ ಬರಹ ಆ ಗುರುತಿನ ಹೆಗಲಿಗೆ ಹಾಕಿದೆ. ಆದರೆ ಆ ಗುರುತಿಗೆ ದನಿಯೇ ಇಲ್ಲ.

ಒಂದು ಸದ್ದು, ಮೂರು ಬರಹ

‘ಬಾಯ್ಸ್’ ಎಂದು ಗಟ್ಟಿಯಾಗಿ ಹೇಳಿ ನೋಡಿ. ಅದು ‘ಹುಡುಗರು’ ಆಗಬಹುದು, ‘ಹುಡುಗನ’ ಆಗಬಹುದು, ‘ಹುಡುಗರ’ ಕೂಡ ಆಗಬಹುದು. ಕಿವಿಗೆ ಮೂರೂ ಒಂದೇ. ಕಾಗದದ ಮೇಲೆ ಮಾತ್ರ ಬೇರೆ: ಕೊಕ್ಕೆ ಇಲ್ಲದಿದ್ದರೆ ಹುಡುಗರು, ಎಸ್‌ಗೆ ಮೊದಲು ಇದ್ದರೆ ಒಬ್ಬ ಹುಡುಗನದು, ಎಸ್ ಆದ ಮೇಲೆ ಇದ್ದರೆ ಹಲವರದು. ಕನ್ನಡದಲ್ಲಿ ಇದೆಲ್ಲ ಕಣ್ಣು ಮುಚ್ಚಿ ಕೂತವರಿಗೂ ತಿಳಿಯುತ್ತದೆ. ಹುಡುಗರು, ಹುಡುಗನ, ಹುಡುಗರ ಎನ್ನುವಾಗ ನಾಲಗೆಯೇ ಲೆಕ್ಕ ಒಪ್ಪಿಸಿಬಿಡುತ್ತದೆ, ಕೈಗೆ ಬೇರೆ ಕೆಲಸ ಉಳಿಯುವುದಿಲ್ಲ.

ನಮ್ಮ ಹೈಸ್ಕೂಲಿನಲ್ಲಿ ಇಂಗ್ಲಿಷ್ ಉಕ್ತಲೇಖನ ಇದ್ದ ದಿನ ಈ ವ್ಯತ್ಯಾಸ ಮೈಗೆ ತಟ್ಟುತ್ತಿತ್ತು. ಮೇಷ್ಟ್ರು ‘ಬಾಯ್ಸ್’ ಎಂದರೆ ಯಾವ ಬಾಯ್ಸ್ ಸಾರ್ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮುಂದಿನ ಪದ ಬರುವವರೆಗೂ ಪೆನ್ನೆತ್ತಿ ಕಾಯುತ್ತಿದ್ದೆವು. ಆಗಲೂ ಗೊತ್ತಾಗದಿದ್ದರೆ ಎಸ್ ಅಕ್ಷರದ ನೆತ್ತಿಯ ಮೇಲೆಯೇ, ಇತ್ತ ಮೊದಲೂ ಅಲ್ಲದ ಅತ್ತ ಆಮೇಲೂ ಅಲ್ಲದ ಜಾಗದಲ್ಲಿ, ಕೊಕ್ಕೆ ಕೂರಿಸಿಬಿಡುತ್ತಿದ್ದೆವು. ಹೇಗೆ ಓದಿಕೊಂಡರೂ ಅರ್ಧ ಮಾರ್ಕಾದರೂ ಸಿಗಲಿ ಎಂಬ ಲೆಕ್ಕ.

ನಿಯಮಗಳೇನೋ ಒಂದು ಅಂಗೈಯಲ್ಲಿ ಹಿಡಿಯುವಷ್ಟೇ ಇವೆ. ಒಬ್ಬರದಾದರೆ ಎಸ್‌ಗೆ ಮೊದಲು. ಹಲವರದಾಗಿದ್ದು ಆ ಪದ ಆಗಲೇ ಎಸ್‌ನಲ್ಲಿ ಮುಗಿದಿದ್ದರೆ ಆಮೇಲೆ. ಚಿಲ್ಡ್ರನ್, ಮೆನ್, ವಿಮೆನ್ ಮುಂತಾದವು ಎಸ್ ಇಲ್ಲದೆಯೇ ಬಹುವಚನವಾದ್ದರಿಂದ ಮತ್ತೆ ಎಸ್‌ಗೆ ಮೊದಲು. ಹಾಗಾಗಿ ಸೆಪ್ಟೆಂಬರ್ 5ರ ಟೀಚರ್ಸ್ ಡೇಯ ಕೊಕ್ಕೆ ಎಸ್ ಆದ ಮೇಲೆ, ನವೆಂಬರ್ 14ರ ಚಿಲ್ಡ್ರನ್ಸ್ ಡೇಯ ಕೊಕ್ಕೆ ಎಸ್‌ಗೆ ಮೊದಲು. ಎರಡೂ ಬಹುವಚನವೇ, ಎರಡೂ ಶಾಲೆಯ ಹಬ್ಬವೇ. ಬ್ಯಾನರ್ ಬರೆಸುವವರಿಗೆ ಗೊಂದಲವಾದರೆ ಆಶ್ಚರ್ಯವಿಲ್ಲ.

ಮದರ್ಸ್ ಡೇಯ ಕೊಕ್ಕೆಗಂತೂ ಒಬ್ಬ ಹೆಣ್ಣುಮಗಳ ಹಟವೇ ಕಾರಣ. ಅಮೆರಿಕದಲ್ಲಿ ಈ ದಿನಕ್ಕಾಗಿ ಹೋರಾಡಿದ ಆ್ಯನಾ ಜಾರ್ವಿಸ್ ಅದು ಏಕವಚನದಲ್ಲೇ ಇರಬೇಕೆಂದು ಪಟ್ಟು ಹಿಡಿದರು. ಜಗತ್ತಿನ ತಾಯಂದಿರೆಲ್ಲರ ದಿನವಲ್ಲ, ಪ್ರತಿ ಮನೆಯವರು ತಮ್ಮ ಒಬ್ಬ ತಾಯಿಯನ್ನು ನೆನೆಯುವ ದಿನ ಎಂಬುದು ಅವರ ವಾದ. 1914ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಅದನ್ನು ರಾಷ್ಟ್ರದ ಆಚರಣೆಯೆಂದು ಘೋಷಿಸಿದರು. ಅದೇ ಹಬ್ಬ ಹೂವು, ಕಾರ್ಡು, ಮಿಠಾಯಿಯ ವ್ಯಾಪಾರವಾದಾಗ ಜಾರ್ವಿಸ್ ಅದರ ವಿರುದ್ಧವೇ ತಿರುಗಿಬಿದ್ದರು. ಹಬ್ಬ ಅವರ ಕೈ ತಪ್ಪಿ ಹೋಯಿತು, ಅವರಿಟ್ಟ ಕೊಕ್ಕೆ ಮಾತ್ರ ಇಟ್ಟಲ್ಲೇ ಇದೆ.

ಇನ್ನು ‘ಇಟ್ಸ್’. ‘ಅದರ’ ಎಂಬರ್ಥದಲ್ಲಿ ಕೊಕ್ಕೆ ಬೇಡ, ‘ಅದು ಆಗಿದೆ’ ಎಂಬರ್ಥದಲ್ಲಿ ಬೇಕು. ಇಂಗ್ಲಿಷ್ ಬಲ್ಲವರ ಪತ್ರದಲ್ಲೂ ಈ ತಪ್ಪು ನುಸುಳುತ್ತದೆ. ತಪ್ಪು ಎಂದೆನಲ್ಲ, ಅದೂ ಇತ್ತೀಚಿನ ಮಾತು. 1787ರಲ್ಲಿ ಬರೆದ ಅಮೆರಿಕದ ಸಂವಿಧಾನದ ಮೂಲಪ್ರತಿಯಲ್ಲೇ ‘ಅದರ’ ಎನ್ನುವ ಕಡೆ ಕೊಕ್ಕೆ ಇರುವ ಇಟ್ಸ್ ಇದೆ. ಆಗ ಅದನ್ನು ಯಾರೂ ಕೆಂಪು ಶಾಯಿಯಲ್ಲಿ ಸುತ್ತಲಿಲ್ಲ.

ರಾಜ, ಅವನ ಮನೆ

ಸಾವಿರ ವರ್ಷದ ಹಿಂದಿನ ಇಂಗ್ಲಿಷ್ ನಮಗೆ ಇಷ್ಟು ಪರಕೀಯವಾಗಿರಲಿಲ್ಲ. ಅದಕ್ಕೂ ನಮ್ಮ ಹಾಗೆ ವಿಭಕ್ತಿಗಳಿದ್ದವು. ರಾಜನಿಗೆ ‘ಕ್ಯುನಿಂಗ್’ ಎಂದರೆ, ರಾಜನ ಎನ್ನಲು ‘ಕ್ಯುನಿಂಗೆಸ್’. ಎಲ್ಲ ಪದಕ್ಕೂ ಇದೇ ‘ಎಸ್’ ಹತ್ತುತ್ತಿರಲಿಲ್ಲ. ನಮ್ಮಲ್ಲಿ ಮರಕ್ಕೆ ಮರದ, ಊರಿಗೆ ಊರಿನ, ಮನೆಗೆ ಮನೆಯ ಆಗುವಂತೆ ಅಲ್ಲೂ ಪದದ ಜಾತಿ ನೋಡಿ ಬಾಲ ಬದಲಾಗುತ್ತಿತ್ತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲಿನ ಕೆಲವು ಶತಮಾನಗಳಲ್ಲಿ ಈ ಬಾಲಗಳೆಲ್ಲ ಸವೆದವು. ಉಳಿದುಕೊಂಡದ್ದು ‘ಎಸ್’ ಒಂದೇ. ಪದದ ಹಿಂದೆ ಬರುವ ಈ ಎಸ್ ಜತೆಗೆ, ‘ಆಫ್’ ಹಾಕಿ ಹೇಳುವ ಇನ್ನೊಂದು ದಾರಿಯೂ ಹಿಗ್ಗಿತು. ಅದಕ್ಕೆ ಫ್ರೆಂಚ್ ಭಾಷೆಯ ನೆರಳು ನೀರೆರೆಯಿತು.

ಆಮೇಲೊಂದು ತಮಾಷೆ ನಡೆಯಿತು. ‘ಎಸ್’ ಎಂಬ ಬಾಲವನ್ನು ಜನ ‘ಹಿಸ್’, ಅಂದರೆ ‘ಅವನ’ ಎಂದು ಕೇಳಿಸಿಕೊಳ್ಳತೊಡಗಿದರು. ‘ರಾಜನ ಮನೆ’ ಎನ್ನುವ ಬದಲು ‘ರಾಜ ಅವನ ಮನೆ’ ಎಂದು ಬರೆಯುವುದು ಹದಿನಾರು, ಹದಿನೇಳನೆಯ ಶತಮಾನದಲ್ಲಿ ವಿದ್ಯಾವಂತರ ರೂಢಿಯೇ ಆಯಿತು. ಬೆನ್ ಜಾನ್ಸನ್ ಬರೆದ, 1603ರಲ್ಲಿ ರಂಗಕ್ಕೆ ಬಂದ ನಾಟಕದ ಹೆಸರೇ ‘ಸೆಜೇನಸ್ ಹಿಸ್ ಫಾಲ್’. ಸೆಜೇನಸ್‌ನ ಪತನ ಎಂದಷ್ಟೇ ಅದರ ಅರ್ಥ.

ಅಪಾಸ್ಟ್ರಫಿ ಇಂಗ್ಲಿಷಿಗೆ ಬಂದದ್ದೂ ಆ ಕಾಲದಲ್ಲೇ, ಫ್ರಾನ್ಸಿನ ಅಚ್ಚುಕೂಟಗಳ ದಾರಿಯಾಗಿ. ಅದರ ಮೂಲ ಕಸುಬು ಒಡೆತನ ಸಾರುವುದಲ್ಲ, ಇಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ ಎಂದು ಹೇಳುವುದು. ಸಂಸ್ಕೃತ ಓದಿದವರಿಗೆ ಈ ಕಸುಬು ಗೊತ್ತು: ‘ಕೋಽಪಿ’ ಎಂದು ಬರೆಯುವಾಗ ನಡುವೆ ಬರುವ ಅವಗ್ರಹ ಲೋಪವಾದ ಅಕಾರಕ್ಕೆ ಇಟ್ಟ ಗುರುತು. ಕ್ಯುನಿಂಗೆಸ್‌ನ ನಡುವಣ ಸ್ವರ ಬಾಯಲ್ಲಿ ಕರಗಿದ್ದರಿಂದ ಅಚ್ಚಿನವರು ಅಲ್ಲೊಂದು ಕೊಕ್ಕೆ ಇಟ್ಟರು. ‘ಹಿಸ್’ ಎಂಬುದೇ ಸವೆದು ಎಸ್ ಆಯಿತೆಂದು ನಂಬಿದ್ದವರಿಗೂ ಅದು ಒಪ್ಪಿಗೆಯಾಯಿತು, ಎಚ್ ಮತ್ತು ಐ ಹೋಗಿವೆ, ಅದರ ಗುರುತು ಎಂದುಕೊಂಡರು. 1755ರ ತಮ್ಮ ನಿಘಂಟಿನಲ್ಲಿ ಡಾ. ಸ್ಯಾಮ್ಯುಯೆಲ್ ಜಾನ್ಸನ್ ಈ ನಂಬಿಕೆಗೆ ಒಂದೇ ಪೆಟ್ಟು ಕೊಟ್ಟರು: ಹೆಂಗಸಿನ ಹೆಸರಿಗೂ ಇದೇ ಎಸ್ ಹತ್ತುತ್ತದಲ್ಲ, ಅಲ್ಲಿ ‘ಅವನ’ ಎಲ್ಲಿಂದ ಬಂದ?

ವಾದ ಸೋತರೂ ಕೊಕ್ಕೆ ಗೆದ್ದಿತು. ಬಾಯಲ್ಲಿ ಒಂದೇ ಆಗಿಹೋದ ಮೂರು ರೂಪಗಳನ್ನು ಕಾಗದದ ಮೇಲಾದರೂ ಬೇರ್ಪಡಿಸಲು ಅದು ಬೇಕಾಯಿತು. ಏಕವಚನದ ನಿಯಮ ಮೊದಲು ನೆಲೆಗೊಂಡಿತು. ಬಹುವಚನದ್ದು ಹದಿನೆಂಟನೆಯ ಶತಮಾನದ ಕೊನೆಯವರೆಗೂ ತೂಗುಯ್ಯಾಲೆಯಲ್ಲೇ ಇತ್ತು. ನಮ್ಮ ಉಕ್ತಲೇಖನದ ಮಾರ್ಕು ಕತ್ತರಿಸಿದ ಕಾನೂನಿನ ವಯಸ್ಸು ಇಷ್ಟೇ.

ಒಡೆತನವಿಲ್ಲದ ಒಡೆತನ

ಇಂಗ್ಲಿಷ್ ವ್ಯಾಕರಣ ಇದನ್ನು ‘ಪೊಸೆಸಿವ್’, ಒಡೆತನದ ರೂಪ ಎನ್ನುತ್ತದೆ. ದಿನದ ಮಾತು ನೋಡಿದರೆ ಒಡೆತನ ಹುಡುಕಿದರೂ ಸಿಗದ ಕಡೆಯೇ ಹೆಚ್ಚು. ‘ಟುಡೇಸ್ ಪೇಪರ್’ ಎಂದರೆ ಪೇಪರಿನ ಒಡೆಯ ಇವತ್ತಲ್ಲ. ‘ಎ ವೀಕ್ಸ್ ಲೀವ್’ನಲ್ಲಿ ರಜೆ ವಾರದ ಆಸ್ತಿಯಲ್ಲ. ‘ಮೈ ಬಸ್’ ಎಂದು ಓಡುವವನು ಬಸ್ಸಿನ ಮಾಲೀಕನಾಗಿದ್ದರೆ ಓಡಬೇಕಾಗಿರಲಿಲ್ಲ.

ಪಾಣಿನಿ ಇಲ್ಲಿ ಹೆಚ್ಚು ಎಚ್ಚರದಿಂದ ಹೆಜ್ಜೆಯಿಟ್ಟವನು. ಮಾಡುವವನು, ಮಾಡಿಸಿಕೊಳ್ಳುವುದು, ಸಾಧನ, ಸ್ಥಳ ಎಂದು ಕ್ರಿಯೆಗೆ ಅಂಟಿದ ಸಂಬಂಧಗಳಿಗೆಲ್ಲ ಕಾರಕದ ಪಟ್ಟ ಕಟ್ಟಿ, ಆಮೇಲೆ ಉಳಿದದ್ದಕ್ಕೆಲ್ಲ ಷಷ್ಠಿ ಎಂದ. ಆರನೆಯ ವಿಭಕ್ತಿಗೆ ಕಾರಕದ ಸಾಲಿನಲ್ಲಿ ಜಾಗವಿಲ್ಲ, ಅದು ಎರಡು ನಾಮಪದಗಳ ನಡುವಣ ಉಳಿಕೆ ಸಂಬಂಧ. ‘ಅಪ್ಪನ ಫೋಟೊ’ ಎಂದಾಗ ಈ ಮಾತಿನ ತೂಕ ತಿಳಿಯುತ್ತದೆ. ಅಪ್ಪ ಇರುವ ಫೋಟೊ ಇರಬಹುದು, ಅಪ್ಪ ತೆಗೆದದ್ದು ಇರಬಹುದು, ಅಪ್ಪ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ ಇನ್ಯಾರದೋ ಫೋಟೊ ಇರಬಹುದು. ಯಾವುದೆಂದು ಹೇಳುವುದು ವ್ಯಾಕರಣವಲ್ಲ, ಮನೆಯ ಸಂಗತಿ ಗೊತ್ತಿರುವ ಕಿವಿ.

ಈ ಗಂಟನ್ನು ಬಿಚ್ಚಲು ಇಂಗ್ಲಿಷ್ ಒಂದು ಜಾಣ ಉಪಾಯ ಕಂಡುಕೊಂಡಿದೆ. ‘ಎ ಫೋಟೊ ಆಫ್ ಮೈ ಫಾದರ್’ ಎಂದರೆ ಅಪ್ಪ ಇರುವ ಚಿತ್ರ. ಅದೇ ‘ಎ ಫೋಟೊ ಆಫ್ ಮೈ ಫಾದರ್ಸ್’ ಎಂದು ಕೊನೆಯಲ್ಲೊಂದು ಎಸ್ ಸೇರಿಸಿದರೆ ಅಪ್ಪನ ಬಳಿ ಇದ್ದ ಚಿತ್ರಗಳಲ್ಲೊಂದು. ಆಫ್ ಕೂಡ ಇದೆ, ಎಸ್ ಕೂಡ ಇದೆ. ಒಂದೇ ಕೆಲಸಕ್ಕೆ ಇಬ್ಬರು ಆಳು ಎಂದು ಗೊಣಗುವ ಶಿಸ್ತಿನವರಿದ್ದಾರೆ. ಆದರೆ ಈ ಎರಡನೆಯ ಆಳಿಗೆ ಕೆಲಸ ಇದೆ ಎಂಬುದು ಈ ಜೋಡಿಯಲ್ಲೇ ಕಾಣುತ್ತದೆ.

ಎಸ್ ಎಲ್ಲಿ, ಆಫ್ ಎಲ್ಲಿ? ಉಸಿರಾಡುವವರಿಗೆ, ಅದರಲ್ಲೂ ಮನುಷ್ಯರಿಗೆ, ಎಸ್ ಮೊದಲ ಆಯ್ಕೆ. ಜಡವಸ್ತುವಿಗೆ ಹೆಚ್ಚಾಗಿ ಆಫ್. ಹಾಗಾಗಿ ‘ಗೀತಾಸ್ ಲೆಗ್’ ಸರಿಹೋಗುತ್ತದೆ, ‘ಟೇಬಲ್ಸ್ ಲೆಗ್’ ಎಂದರೆ ಮೇಜಿಗೆ ಜೀವ ಬಂದಂತೆ ಕೇಳುತ್ತದೆ. ಮೂರನೆಯ ದಾರಿಯೂ ಇದೆ, ಏನೂ ಹಚ್ಚದೆ ಪದಗಳನ್ನು ಅಕ್ಕಪಕ್ಕ ಕೂರಿಸುವುದು: ‘ಟೇಬಲ್ ಲೆಗ್’, ‘ಕಿಚನ್ ಡೋರ್’. ನಾವು ‘ಅಡುಗೆಮನೆ ಬಾಗಿಲು’, ‘ಮನೆ ಚಾವಿ’ ಎನ್ನುವುದೂ ಹೀಗೆಯೇ. ಅಮೆರಿಕದ ಕಪ್ಪು ಸಮುದಾಯದ ಮಾತಿನಲ್ಲಿ ಮನುಷ್ಯರ ಹೆಸರಿಗೂ ಇದೇ ಸರಾಗ ನಡೆ: ‘ಜಾನ್ ಹೌಸ್’ ಎಂದರೆ ಸಾಕು, ಎಸ್ ಬೇಕಿಲ್ಲ. ಶಾಲೆ ಅದನ್ನು ಬಹುಕಾಲ ತಪ್ಪೆಂದಿತು. ಭಾಷಾವಿಜ್ಞಾನಿಗಳು ಅದಕ್ಕೂ ಅದರದೇ ನಿಯಮವಿದೆ ಎಂದು ತೋರಿಸಿಕೊಟ್ಟಿದ್ದಾರೆ.

ಕಾಲ ಕಳೆದಂತೆ ಎಸ್ ತನ್ನ ಜಾಗವನ್ನೂ ಬದಲಿಸಿತು. ಹಿಂದೆ ಅದು ಒಡೆಯನ ಮೈಗೇ ಅಂಟಬೇಕಿತ್ತು: ‘ಇಂಗ್ಲೆಂಡಿನ ರಾಜನ ಮಗಳು’ ಎನ್ನಲು ‘ಕಿಂಗ್ಸ್ ಡಾಟರ್ ಆಫ್ ಇಂಗ್ಲೆಂಡ್’. ಈಗ ‘ಕಿಂಗ್ ಆಫ್ ಇಂಗ್ಲೆಂಡ್ಸ್ ಡಾಟರ್’. ಎಸ್ ಅಂಟಿರುವುದು ಇಂಗ್ಲೆಂಡಿಗೆ, ಮಗಳು ರಾಜನವಳು. ‘ಪಕ್ಕದ ಮನೆಯವನ ನಾಯಿ’ ಇಂಗ್ಲಿಷಿನ ಬಾಯಲ್ಲಿ ‘ದ ಮ್ಯಾನ್ ನೆಕ್ಸ್ಟ್ ಡೋರ್ಸ್ ಡಾಗ್’ ಆಗುತ್ತದೆ, ಬಾಗಿಲಿಗೇ ನಾಯಿ ಕಟ್ಟಿದಂತೆ. ರೈಲಿನ ಕೊನೆಯ ಡಬ್ಬಿಗೆ ಹಾಕಿದ ಕೆಂಪು ದೀಪದ ಹಾಗೆ ಎಸ್ ಈಗ ಇಡೀ ಪದಗುಚ್ಛದ ತುದಿಯಲ್ಲಿ ಉರಿಯುತ್ತದೆ.

ನಮ್ಮ ಯಜಮಾನರು, ಅವರ್ ಹಸ್ಬೆಂಡ್

ಕನ್ನಡಿಗರು ಇಂಗ್ಲಿಷಿನ ಈ ಹಾದಿಯಲ್ಲಿ ಎಡವುವುದು ಕೊಕ್ಕೆಯಲ್ಲಿ ಮಾತ್ರವಲ್ಲ. ನಮ್ಮಲ್ಲಿ ಒಬ್ಬಳೇ ಹೆಂಡತಿ ತನ್ನ ಗಂಡನನ್ನು ‘ನಮ್ಮ ಯಜಮಾನರು’ ಎನ್ನುತ್ತಾಳೆ, ಒಂಟಿಯಾಗಿ ಬದುಕುವವರೂ ‘ನಮ್ಮನೆಗೆ ಬನ್ನಿ’ ಎಂದು ಕರೆಯುತ್ತಾರೆ. ಅದನ್ನೇ ಪದಕ್ಕೆ ಪದ ಇಟ್ಟು ‘ಅವರ್ ಹಸ್ಬೆಂಡ್’ ಎಂದರೆ ಕೇಳಿದ ಇಂಗ್ಲಿಷರು ಎಷ್ಟು ಜನ ಹೆಂಡತಿಯರೆಂದು ಲೆಕ್ಕ ಹಾಕುತ್ತಾರೆ. ಈ ‘ನಮ್ಮ’ ಎಂಬುದರಲ್ಲಿ ಪಾಲುದಾರಿಕೆಯ ಲೆಕ್ಕವಿಲ್ಲ, ‘ನನ್ನ’ ಎಂಬ ಬಿಗಿ ಹಿಡಿತವನ್ನು ಸಡಿಲಿಸುವ ಮರ್ಯಾದೆಯಿದೆ. 2011ರಲ್ಲಿ ಬೆಂಗಳೂರಿನಲ್ಲಿ ಓಡಲು ಶುರುವಾದ ರೈಲಿಗೆ ‘ನಮ್ಮ ಮೆಟ್ರೊ’ ಎಂದು ಹೆಸರಿಟ್ಟಾಗ ಇಂಗ್ಲಿಷ್ ಫಲಕಗಳಲ್ಲೂ ‘ನಮ್ಮ’ ಹಾಗೇ ಉಳಿಯಿತು. ‘ಅವರ್ ಮೆಟ್ರೊ’ ಎಂದಿದ್ದರೆ ಅರ್ಥ ಬರುತ್ತಿತ್ತು, ಬಳಕೆ ಬರುತ್ತಿರಲಿಲ್ಲ.

ಆದರೆ ಇಂಗ್ಲಿಷಿಗೆ ‘ನಮ್ಮ’ ತೀರಾ ಅಪರಿಚಿತವೂ ಅಲ್ಲ. ಉತ್ತರ ಇಂಗ್ಲೆಂಡಿನ ಮನೆಮಾತಿನಲ್ಲಿ ತಮ್ಮನನ್ನೋ ಅಣ್ಣನನ್ನೋ ‘ಅವರ್ ಕಿಡ್’ ಎನ್ನುತ್ತಾರೆ, ಮನೆಯ ಹುಡುಗನನ್ನು ಹೆಸರಿಗೆ ಮೊದಲು ‘ಅವರ್’ ಸೇರಿಸಿ ಕರೆಯುತ್ತಾರೆ. ‘ನಮ್ಮ ಹುಡುಗ’ ಎಂಬ ನಮ್ಮ ಮಾತಿಗೆ ಅದು ಸೋದರಸಂಬಂಧಿ. ಕೊಕ್ಕೆಗಾಗಿ ಮಾರ್ಕರ್ ಹಿಡಿದ ಹ್ಯಾರೊಗೇಟ್ ಇರುವುದೂ ಅದೇ ಸೀಮೆಯಲ್ಲಿ.

ಇಂಗ್ಲಿಷ್ ಕೆಲವೆಡೆ ಅತಿಯಾಗಿ ಕೇಳುತ್ತದೆ. ಕೈ ತೊಳೆದುಕೋ ಎಂದರೆ ನಮಗೆ ಸಾಕು, ಬೇರೆಯವರ ಕೈ ಯಾರೂ ತೊಳೆಯುವುದಿಲ್ಲ. ಇಂಗ್ಲಿಷಿಗೆ ‘ಯುವರ್ ಹ್ಯಾಂಡ್ಸ್’ ಎಂದೇ ಹೇಳಬೇಕು. ಇನ್ನು ಕೆಲವೆಡೆ ಬೇಕಾದಷ್ಟು ಹೇಳುವುದೇ ಇಲ್ಲ. ರಮೇಶ ಸುರೇಶನಿಗೆ ‘ಹಿಸ್’ ಸ್ಕೂಟರ್ ಕಳುವಾಯಿತೆಂದು ಹೇಳಿದ ಎಂಬ ಇಂಗ್ಲಿಷ್ ವಾಕ್ಯದಲ್ಲಿ ಪೊಲೀಸರು ಯಾರ ದೂರು ಬರೆದುಕೊಳ್ಳಬೇಕು? ಕನ್ನಡ ‘ತನ್ನ ಸ್ಕೂಟರ್’ ಎಂದು ಒಂದೇ ಪದದಲ್ಲಿ ತಗಾದೆ ಮುಗಿಸುತ್ತದೆ.

ಕೋರ್ಟು, ಅಂಗಡಿ, ನಕ್ಷೆ

ಎಸ್‌ನಲ್ಲೇ ಮುಗಿಯುವ ಹೆಸರು ಬಂದರೆ ಇಂಗ್ಲಿಷಿನ ಪಂಡಿತರೂ ಎರಡು ಬಣ. ಇನ್ನೊಂದು ಎಸ್ ಸೇರಿಸಬೇಕೋ, ಬರೀ ಕೊಕ್ಕೆ ಸಾಕೋ? ಅಮೆರಿಕದ ಸುಪ್ರೀಂ ಕೋರ್ಟ್ 2006ರಲ್ಲಿ ಕ್ಯಾನ್ಸಸ್ ರಾಜ್ಯದ ಮರಣದಂಡನೆ ಕಾಯ್ದೆಯ ಪ್ರಕರಣವೊಂದರಲ್ಲಿ ತೀರ್ಪು ಕೊಟ್ಟಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಕ್ಯಾನ್ಸಸ್ ಆದ ಮೇಲೆ ಬರೀ ಕೊಕ್ಕೆ ಹಾಕಿದರು. ಭಿನ್ನಮತ ಬರೆದ ನ್ಯಾಯಮೂರ್ತಿ ಡೇವಿಡ್ ಸೂಟರ್ ಕೊಕ್ಕೆಯ ಜತೆ ಇನ್ನೊಂದು ಎಸ್ ಇಟ್ಟರು. ಪ್ರಾಣ ಹೋಗುವ ವಿಷಯದಷ್ಟೇ ಸ್ಪಷ್ಟವಾಗಿ ಷಷ್ಠಿಯಲ್ಲೂ ಭಿನ್ನಮತ. ಮರುವರ್ಷವೇ ಆರ್ಕನ್ಸಾ ರಾಜ್ಯದ ಜನಪ್ರತಿನಿಧಿಗಳು ತಮ್ಮ ರಾಜ್ಯದ ಹೆಸರಿಗೆ ಕೊಕ್ಕೆಯೂ ಬೇಕು, ಎಸ್ಸೂ ಬೇಕು ಎಂದು ನಿರ್ಣಯ ಮಾಡಿದರು.

ಲಂಡನ್ನಿನ ಪಿಕಡಿಲಿ ಮಾರ್ಗದಲ್ಲಿ ಅರ್ಲ್ಸ್ ಕೋರ್ಟ್ ಮತ್ತು ಬ್ಯಾರನ್ಸ್ ಕೋರ್ಟ್ ಅಕ್ಕಪಕ್ಕದ ನಿಲ್ದಾಣಗಳು. ಮೊದಲನೆಯದಕ್ಕೆ ಕೊಕ್ಕೆ ಇದೆ, ಎರಡನೆಯದಕ್ಕಿಲ್ಲ. ಅಂಗಡಿಗಳಲ್ಲಿ ಹ್ಯಾರಡ್ಸ್ ಕೊಕ್ಕೆಯನ್ನು ಬಿಟ್ಟಿದೆ, ಸೇನ್ಸ್‌ಬರೀಸ್ ಇಟ್ಟುಕೊಂಡಿದೆ. ವಾಟರ್‌ಸ್ಟೋನ್ಸ್ ಎಂಬ ಪುಸ್ತಕದಂಗಡಿ ಬಳಗ 2012ರಲ್ಲಿ ತನ್ನ ಕೊಕ್ಕೆಯನ್ನು ಕೈಬಿಟ್ಟಾಗ, ಪುಸ್ತಕ ಮಾರುವವರೇ ಹೀಗೆ ಮಾಡಿದರೆ ಹೇಗೆ ಎಂದು ಓದುಗರು ಕೆರಳಿದರು. ಜಾನ್ ರಿಚರ್ಡ್ಸ್ ಎಂಬ ನಿವೃತ್ತ ಪತ್ರಕರ್ತರಂತೂ 2001ರಲ್ಲಿ ಅಪಾಸ್ಟ್ರಫಿ ರಕ್ಷಣೆಗೆ ಸಂಘವನ್ನೇ ಕಟ್ಟಿದ್ದರು. ತಪ್ಪು ಬೋರ್ಡು ಹಾಕಿದ ಅಂಗಡಿಗಳಿಗೆ ವಿನಯದಿಂದ ತಿದ್ದುಪಡಿ ತಿಳಿಸುವುದು ಅದರ ಕೆಲಸ. 2019ರಲ್ಲಿ, ತೊಂಬತ್ತಾರರ ವಯಸ್ಸಿನಲ್ಲಿ, ಜನರ ಉದಾಸೀನವೇ ಗೆದ್ದಿತೆಂದು ಬೇಸರದಿಂದ ಬಾಗಿಲು ಹಾಕಿದರು. ಆಮೇಲೆ ಬೇರೆಯವರು ಆ ದೀಪ ಹಚ್ಚಿಟ್ಟುಕೊಂಡಿದ್ದಾರೆ.

ಅಮೆರಿಕದ ನಕ್ಷೆಗಳ ನಿಲುವು ಇನ್ನೂ ಖಡಕ್ಕು. ಸ್ಥಳನಾಮಗಳನ್ನು ನಿರ್ಧರಿಸಲು 1890ರಲ್ಲಿ ಹುಟ್ಟಿದ ಅಲ್ಲಿನ ಮಂಡಳಿ ಊರು, ಬೆಟ್ಟ, ಹೊಳೆಗಳ ಹೆಸರಿನಲ್ಲಿ ಒಡೆತನದ ಕೊಕ್ಕೆಯನ್ನು ಒಪ್ಪುವುದಿಲ್ಲ. ಹೆಸರು ನಕ್ಷೆ ಏರಿದ ಮೇಲೆ ಅದು ಬೆಟ್ಟದ ಹೆಸರು, ಯಾರದೋ ಜಮೀನಿನ ಪತ್ರವಲ್ಲ ಎಂಬುದು ಅದರ ಹಿಂದಿನ ವಿವೇಕ. ಅಷ್ಟು ದೊಡ್ಡ ದೇಶದಲ್ಲಿ ವಿನಾಯಿತಿ ಸಿಕ್ಕಿದ್ದು ಬೆರಳೆಣಿಕೆಯ ಜಾಗಗಳಿಗೆ. ಅದರಲ್ಲಿ ಮೊದಲನೆಯದು 1933ರಲ್ಲಿ ಮಾರ್ಥಾಸ್ ವಿನ್ಯರ್ಡ್ ದ್ವೀಪ.

ಕನ್ನಡದ ಲಿಪಿಗೆ ಬಂದಾಗ ಈ ಜಗಳವೆಲ್ಲ ಒಂದೇ ಏಟಿಗೆ ತಣ್ಣಗಾಗುತ್ತದೆ. ಬೆಂಗಳೂರಿನ ಎಂ.ಜಿ. ರಸ್ತೆಯ ಬದಿಯಲ್ಲಿರುವ ಕೆಥೆಡ್ರಲ್‌ನಿಂದ ಹೆಸರು ಪಡೆದ ಸೇಂಟ್ ಮಾರ್ಕ್ಸ್ ರಸ್ತೆಯನ್ನೇ ನೋಡಿ. ನಾವು ಕೇಳಿದಂತೆ ಬರೆಯುವವರು, ಕೇಳದ ಕೊಕ್ಕೆಗೆ ನಮ್ಮಲ್ಲಿ ಜಾಗವಿಲ್ಲ. ಹೀಗಾಗಿ ಸುವಾರ್ತೆ ಬರೆದ ಮಾರ್ಕನ ರಸ್ತೆಯೂ ‘ಬಂಡವಾಳ’ ಬರೆದ ಕಾರ್ಲ್ ಮಾರ್ಕ್ಸ್‌ನ ಹೆಸರೂ ಕನ್ನಡದಲ್ಲಿ ಅಕ್ಷರಕ್ಕೆ ಅಕ್ಷರ ಒಂದೇ. ಫಲಕ ಓದಿ ಯಾರೂ ದಾರಿ ತಪ್ಪಿದ ಹಾಗಿಲ್ಲ.

ಬುಧವಾರದ ಎಸ್

ಕೊಕ್ಕೆ ಇಲ್ಲದಿದ್ದರೆ ಅರ್ಥ ಉಳಿಯದು ಎನ್ನುವವರಿಗೆ ಅವರ ಗೋಡೆಯ ಕ್ಯಾಲೆಂಡರನ್ನೇ ತೋರಿಸಬಹುದು. ಪೀಟರ್ಸ್, ವಿಲಿಯಮ್ಸ್, ಜೋನ್ಸ್ ಎಂಬ ಮನೆತನದ ಹೆಸರುಗಳ ತುದಿಯ ಎಸ್ ಒಂದು ಕಾಲಕ್ಕೆ ‘ಪೀಟರನ ಮಗ’, ‘ವಿಲಿಯಮ್ಮನ ಮಗ’ ಎಂದು ಹೇಳುತ್ತಿದ್ದ ಷಷ್ಠಿ. ಒನ್ಸ್, ಆಲ್ವೇಸ್ ಎಂಬ ಪದಗಳ ಬಾಲದಲ್ಲಿ ಕೇಳುವ ಸಕಾರವೂ ಆ ಹಳೆಯ ವಿಭಕ್ತಿಯ ಪಳೆಯುಳಿಕೆಯೇ. ಮತ್ತು ವೆನ್ಸ್‌ಡೇ.

ಅದು ‘ವೋಡನ್ನನ ದಿನ’. ಆ ಪದದ ನಡುವಿನ ಎಸ್, ಸಾವಿರ ವರ್ಷದ ಹಿಂದಿನ ಇಂಗ್ಲಿಷರು ತಮ್ಮ ದೇವರ ಹೆಸರಿಗೆ ಹಚ್ಚಿದ ಷಷ್ಠೀ ಪ್ರತ್ಯಯ. ಟ್ಯೂಸ್‌ಡೇ, ಥರ್ಸ್‌ಡೇಗಳಲ್ಲಿರುವುದೂ ಅದೇ, ಒಡೆಯರು ಬೇರೆ ದೇವರುಗಳು. ವೋಡನ್ನನಿಗೆ ಗುಡಿ ಉಳಿಯಲಿಲ್ಲ, ಪೂಜೆ ಉಳಿಯಲಿಲ್ಲ. ಅವನ ದಿನ ಮಾತ್ರ ವಾರಕ್ಕೊಮ್ಮೆ ತಪ್ಪದೆ ಬರುತ್ತದೆ, ಎಸ್ ಪಕ್ಕದಲ್ಲಿ ಯಾವ ಕೊಕ್ಕೆಯೂ ಇಲ್ಲದೆ.

ನಮ್ಮ ಬುಧವಾರದ ಕತೆಯೂ ಬೇರೆಯಲ್ಲ. ಬುಧನ ವಾರ ಬುಧವಾರ, ಷಷ್ಠೀ ತತ್ಪುರುಷ ಎಂದು ಶಾಲೆಯಲ್ಲಿ ವಿಗ್ರಹವಾಕ್ಯ ಬರೆದವರಿಗೆ ನೆನಪಿರುತ್ತದೆ. ಸಮಾಸವಾಗುವಾಗ ‘ನ’ ಬಿದ್ದುಹೋಯಿತು, ಗುರುತು ಇಡಲು ಯಾರೂ ಹೋಗಲಿಲ್ಲ, ಬುಧನೂ ದೂರು ಕೊಡಲಿಲ್ಲ. ಕೇಂಬ್ರಿಡ್ಜ್‌ನಲ್ಲೋ ಹ್ಯಾರೊಗೇಟ್‌ನಲ್ಲೋ ಮಾರ್ಕರ್ ಹಿಡಿದು ಫ‌ಲಕ ತಿದ್ದಿದವರು ಮನೆಗೆ ಮರಳಿ ಕ್ಯಾಲೆಂಡರಿನ ಮುಂದೆಯೂ ನಿಂತಿರುತ್ತಾರೆ. ಅಲ್ಲಿ ಬುಧವಾರದ ಎಸ್ ಬಳಿ ಅವರ ಕೈ ಏಳುವುದಿಲ್ಲ.